ಹೇನಿಲ್ಲದ ಹೊಲಕ್ಕೆ ಗುಲಗಂಜಿ ಹುಳು ಬರುವುದಿಲ್ಲ

ಅಲಸಂದೆಯ ಎಳೆ ಕುಡಿಯಲ್ಲಿ ಕಪ್ಪು ಹೇನು ಕಂಡ ದಿನವೇ ರೈತ ಗೊಬ್ಬರದ ಅಂಗಡಿಯ ಮುಂದೆ ನಿಂತಿರುತ್ತಾನೆ. "ಹೇನು ಬಿದ್ದೈತೆ, ಏನಾರ ಔಷಧಿ ಕೊಡಿ" ಎನ್ನುತ್ತಾನೆ. ಅಂಗಡಿಯವರು ಬಾಟಲಿಯೊಂದನ್ನು ತೆಗೆದುಕೊಡುತ್ತಾರೆ, ಸಂಜೆಯೊಳಗೆ ಸಿಂಪಡಣೆ ಮುಗಿಯುತ್ತದೆ. ಹೇನಿನ ಜಾಡು ಹಿಡಿದು ಇನ್ನೊಂದೆರಡು ದಿನದಲ್ಲಿ ಅದೇ ಕುಡಿಗೆ ಬರಬೇಕಿದ್ದ ಗುಲಗಂಜಿ ಹುಳುವಿಗೆ ಅಲ್ಲಿ ತಿನ್ನಲು ಏನೂ ಇರುವುದಿಲ್ಲ. ಮೊದಲೇ ಬಂದಿದ್ದರೆ ಹೇನಿನ ಜೊತೆ ಅದೂ ಸತ್ತಿರುತ್ತದೆ. ಕೆಲವೇ ದಿನಗಳಲ್ಲಿ ಪಕ್ಕದ ಹೊಲದಿಂದ ರೆಕ್ಕೆಯ ಹೇನುಗಳು ಹಾರಿ ಬರುತ್ತವೆ. ಈ ಬಾರಿ ತಡೆಯುವವರು ಯಾರೂ ಇಲ್ಲ. ರೈತ ಮತ್ತೆ ಅಂಗಡಿಗೆ ಹೋಗುತ್ತಾನೆ.

ಗುಲಗಂಜಿ ಹುಳು ರೈತನ ಮಿತ್ರ ಎಂದು ಶಾಲೆಯ ಪಾಠದಲ್ಲೂ ಕೃಷಿ ಮೇಳದ ಫಲಕದಲ್ಲೂ ಬರೆದಿದೆ. ಆ ಮಾತನ್ನು ಯಾರೂ ಅಲ್ಲಗಳೆಯುವುದಿಲ್ಲ, ಅದರಂತೆ ನಡೆಯುವವರೂ ಕಡಿಮೆ. ಮಿತ್ರ ಎಂದು ಒಪ್ಪಿಕೊಂಡ ಮೇಲೆ ಅದರ ಊಟವನ್ನೂ ಒಪ್ಪಿಕೊಳ್ಳಬೇಕಾಗುತ್ತದೆ. ಅದರ ಊಟ ನಮ್ಮ ಬೆಳೆಯ ಮೇಲಿನ ಹೇನು, ಹಿಟ್ಟುತಿಗಣೆ, ಶಲ್ಕ ಕೀಟ. ಇವು ಒಂದಿಷ್ಟಾದರೂ ಇರಲಿ ಎಂದು ಬಿಡಲಾರದ ಬೇಸಾಯದಲ್ಲಿ ಈ ಹುಳುವಿಗೆ ಬದುಕಿಲ್ಲ. ಹೊಲ ಪೂರ್ತಿ ಚೊಕ್ಕಟವಾಗಿರಬೇಕು ಎಂಬ ಹಟವೇ ಅದಕ್ಕೆ ವಿಷಕ್ಕಿಂತ ದೊಡ್ಡ ಶತ್ರು ಎಂದು ನಾನು ನಂಬಿದ್ದೇನೆ. ಹೀಗೆ ನಂಬಲು ಕಾರಣ ಆ ಹುಳುವಿನ ಬದುಕಿನ ರೀತಿಯಲ್ಲೇ ಇದೆ.

ಜಗತ್ತಿನಲ್ಲಿ ಸುಮಾರು 6,000 ಬಗೆಯ ಗುಲಗಂಜಿ ಹುಳುಗಳಿವೆ. ನಮ್ಮ ಜೋಳ, ಹತ್ತಿ, ಅಲಸಂದೆ, ಅವರೆಗಳಲ್ಲಿ ಹೆಚ್ಚಾಗಿ ಕಾಣುವುದು ಹಳದಿ-ಕಿತ್ತಳೆ ಬೆನ್ನಿನ ಮೇಲೆ ಅಂಕುಡೊಂಕು ಕಪ್ಪು ಗೆರೆಗಳಿರುವ ಜಾತಿ. ಭತ್ತದ ಗದ್ದೆಯಲ್ಲಿ ಚುಕ್ಕೆಯಿಲ್ಲದ ಕಿತ್ತಳೆ ಬಣ್ಣದ್ದು ಸಿಗುತ್ತದೆ. ಶಲ್ಕ ಕೀಟಗಳನ್ನು ತಿನ್ನುವ ಒಂದು ಜಾತಿ ಪೂರ್ತಿ ಕಪ್ಪಗೆ ಹೊಳೆಯುತ್ತದೆ. ಹಿಪ್ಪುನೇರಳೆ ಎಲೆಯ ಮೇಲೆ ಬೂದಿ ರೋಗದ ಶಿಲೀಂಧ್ರವನ್ನೇ ಮೇಯುವ ಹಳದಿ ಹುಳುವೂ ಈ ಕುಟುಂಬದ್ದೇ. ಬದನೆ ಎಲೆಯ ಹಸಿರನ್ನು ಕೆರೆದು ತಿಂದು ನರಗಳನ್ನಷ್ಟೇ ಉಳಿಸುವ 28 ಚುಕ್ಕೆಯ ಹುಳುವೂ ಇವುಗಳ ನೆಂಟನೇ. ಅದು ಮಾತ್ರ ಬೆಳೆಗೆ ಹಗೆ. ಅದರ ಬೆನ್ನಿಗೆ ಹೊಳಪಿಲ್ಲ, ನವಿರಾದ ರೋಮವಿದೆ. ಮರಿ ಹಳದಿ, ಮೈತುಂಬ ಕವಲೊಡೆದ ಮುಳ್ಳು. ಇಷ್ಟು ಗೊತ್ತಿದ್ದರೆ ಇವೆರಡನ್ನು ಅದಲು ಬದಲು ಮಾಡಿಕೊಳ್ಳುವ ಭಯವಿಲ್ಲ.

ಹೇನು ಕೂತ ಅಲಸಂದೆ ಎಲೆಯೊಂದನ್ನು ಮಗುಚಿ ನೋಡಿ. ಹೇನಿನ ಗುಂಪಿನ ಬಳಿಯಲ್ಲೇ ಹತ್ತಿಪ್ಪತ್ತು ಹಳದಿ ಮೊಟ್ಟೆಗಳು ಒತ್ತೊತ್ತಾಗಿ, ನೆಟ್ಟಗೆ ನಿಂತಿರುತ್ತವೆ. ಒಂದೊಂದೂ ಒಂದು ಮಿಲಿಮೀಟರಿನಷ್ಟು ಉದ್ದ, ಎರಡೂ ತುದಿ ಚೂಪು. ನಮ್ಮ ಬಿಸಿಲಿಗೆ ಮೂರ್ನಾಲ್ಕು ದಿನದಲ್ಲಿ ಒಡೆಯುತ್ತವೆ. ಮೊದಲು ಹೊರಬಂದ ಮರಿಗಳು ಸಿಪ್ಪೆಯ ಮೇಲೇ ಕೆಲ ಹೊತ್ತು ಕೂತು ಸಿಪ್ಪೆಯನ್ನೂ, ಪಕ್ಕದಲ್ಲಿ ಇನ್ನೂ ಒಡೆಯದ ಮೊಟ್ಟೆಗಳನ್ನೂ ತಿನ್ನುತ್ತವೆ. ಒಡಹುಟ್ಟನ್ನೇ ತಿಂದ ಆ ಮೊದಲ ತುತ್ತು ಅವುಗಳಿಗೆ ಹೇನನ್ನು ಹುಡುಕಿ ಹೋಗುವ ತ್ರಾಣ ಕೊಡುತ್ತದೆ.

ಮರಿಯನ್ನು ನೋಡಿದವರು ಅದನ್ನು ಗುಲಗಂಜಿ ಹುಳು ಎಂದುಕೊಳ್ಳುವುದಿಲ್ಲ. ಬೂದುಗಪ್ಪು ಮೈ, ಅಲ್ಲಲ್ಲಿ ಕಿತ್ತಳೆ ಮಚ್ಚೆ, ಪಕ್ಕಕ್ಕೆ ಚಾಚಿದ ಆರು ಕಾಲು, ಹಿಂದಕ್ಕೆ ಸಪೂರವಾಗುವ ಒರಟು ಬೆನ್ನು: ಕೂದಲೆಳೆಯ ಕಾಲಿನ ಪುಟ್ಟ ಮೊಸಳೆಯ ಹಾಗೆ ಕಾಣುತ್ತದೆ. ಬೆಳೆ ತಿನ್ನಲು ಬಂದ ಹೊಸ ಹುಳುವೆಂದು ಹೊಸಕಿ ಹಾಕುವವರೇ ಹೆಚ್ಚು. ಆದರೆ ಹೊಲದಲ್ಲಿ ನಿಜವಾದ ಕೆಲಸ ನಡೆಯುವುದು ಈ ಮರಿಯಿಂದ. ಅದರ ದೃಷ್ಟಿ ದೂರಕ್ಕೆ ಹೋಗದು. ಕಾಂಡದುದ್ದಕ್ಕೂ ಎಲೆಯ ನರದ ಗುಂಟವೂ ತಡಕಾಡುತ್ತಾ ನಡೆದು, ಹೇನು ಮೂತಿಗೆ ತಾಗಿದರೆ ಕಚ್ಚಿ ಎತ್ತಿಕೊಳ್ಳುತ್ತದೆ. ಒಂದನ್ನು ತಿಂದ ಮೇಲೆ ನಡಿಗೆ ನಿಧಾನವಾಗುತ್ತದೆ, ಎಡಕ್ಕೂ ಬಲಕ್ಕೂ ತಿರುಗಿ ತಿರುಗಿ ಅಲ್ಲೇ ಹುಡುಕುತ್ತದೆ. ಹೇನು ಗುಂಪಾಗಿರುವುದರಿಂದ ಒಂದು ಸಿಕ್ಕಲ್ಲಿ ಇನ್ನಷ್ಟು ಸಿಗುತ್ತವೆ. ಸಿಗದಿದ್ದರೆ ಮತ್ತೆ ನೇರ ನಡಿಗೆ. ಮೂರು ಸಲ ಪೊರೆ ಕಳಚಿ ಬೆಳೆಯುವ ಹೊತ್ತಿಗೆ ಒಂದು ಮರಿ ಕೆಲವು ನೂರು ಹೇನುಗಳನ್ನು ಮುಗಿಸಿರುತ್ತದೆ.

ಆಮೇಲೆ ಬಾಲದ ತುದಿಯನ್ನು ಎಲೆಗೆ ಅಂಟಿಸಿ ಕೋಶವಾಗುತ್ತದೆ. ಕಡ್ಡಿಯಿಂದ ಮುಟ್ಟಿದರೆ ಆ ಕೋಶ ಸೆಟೆದು ಮೇಲೇಳುತ್ತದೆ. ಇರುವೆ, ಕಣಜಗಳನ್ನು ಬೆದರಿಸಲು ಅದಕ್ಕೆ ಗೊತ್ತಿರುವ ಉಪಾಯ ಅದೊಂದೇ. ನಾಲ್ಕೈದು ದಿನಕ್ಕೆ ಹೊರಬರುವ ಹುಳು ಮೊದಲು ಮಾಸಲು ಹಳದಿಯಾಗಿ, ಮೆತ್ತಗಿರುತ್ತದೆ. ಬಣ್ಣವೂ ಚುಕ್ಕೆಯೂ ಕೆಲವು ಗಂಟೆಗಳಲ್ಲಿ ನಿಧಾನವಾಗಿ ಮೂಡುತ್ತವೆ. ಮೊಟ್ಟೆಯಿಂದ ಇಲ್ಲಿಯವರೆಗೆ ಎರಡು ಮೂರು ವಾರ. ಬೆಳೆದ ಹುಳು ದಿನಕ್ಕೆ ಹತ್ತಾರು ಹೇನು ತಿನ್ನುತ್ತದೆ, ಹೇನಿಲ್ಲದಾಗ ಹೂವಿನ ಪರಾಗ, ಮಕರಂದದಲ್ಲಿ ದಿನ ನೂಕುತ್ತದೆ. ಕೈಯಲ್ಲಿ ಹಿಡಿದ ಮಕ್ಕಳ ಬೆರಳಿಗೆ ಹಳದಿ ಕಲೆ ಹತ್ತುತ್ತದಲ್ಲ, ಅದು ಅದರ ಮೊಣಕಾಲಿನ ಸಂದಿನಿಂದ ಒಸರುವ ಕಹಿ ರಕ್ತ. ಒಮ್ಮೆ ಬಾಯಿಗೆ ಹಾಕಿಕೊಂಡ ಹಕ್ಕಿ ಆ ಕೆಂಪು ಬೆನ್ನನ್ನು ನೆನಪಿಟ್ಟುಕೊಳ್ಳುತ್ತದೆ.

ಇಷ್ಟು ಹೊಟ್ಟೆಬಾಕ ಹುಳುವಿದ್ದೂ ಹೇನು ಯಾಕೆ ಮುಗಿಯುವುದಿಲ್ಲ? ಹೇನಿನ ಲೆಕ್ಕ ಬೇರೆ. ನಮ್ಮ ಹವೆಯಲ್ಲಿ ಹೆಣ್ಣು ಹೇನು ಗಂಡಿನ ಹಂಗಿಲ್ಲದೆ ಮರಿಗಳನ್ನೇ ಹಾಕುತ್ತದೆ. ಹುಟ್ಟುವ ಮಗಳ ಹೊಟ್ಟೆಯಲ್ಲಿ ಮೊಮ್ಮಗಳು ಆಗಲೇ ಮೊಳೆತಿರುತ್ತಾಳೆ. ಹುಟ್ಟಿದ ಒಂದು ವಾರದ ಆಸುಪಾಸಿನಲ್ಲಿ ಅದೂ ತಾಯಿ. ಗುಲಗಂಜಿ ಹುಳುವಿನ ಒಂದು ತಲೆಮಾರು ಮುಗಿಯುವುದರೊಳಗೆ ಹೇನು ಎರಡು ಮೂರು ತಲೆಮಾರು ದಾಟಿರುತ್ತದೆ. ಅಷ್ಟರಲ್ಲಿ ಕುಡಿ ಬಲಿತು, ರಸ ಕಡಿಮೆಯಾಗಿ, ಹೇನಿಗೆ ರೆಕ್ಕೆ ಬಂದು ಗುಂಪೇ ಚದುರುತ್ತದೆ. ವಿಜ್ಞಾನಿಗಳಾದ ಬ್ರಿಟನ್ನಿನ ಎ. ಎಫ್. ಜಿ. ಡಿಕ್ಸನ್ ಮತ್ತು ಚೆಕ್ ದೇಶದ ಪಾವೆಲ್ ಕಿಂಡ್ಲ್‌ಮನ್ ಈ ಕಾಲದ ವ್ಯತ್ಯಾಸವನ್ನೇ ಹಿಡಿದು ಬಹಳ ಕಾಲ ಕೆಲಸ ಮಾಡಿದರು. ಅವರು ತೋರಿಸಿಕೊಟ್ಟದ್ದು ಇದು: ಹೇನಿನ ಗುಂಪು ಎಳೆಯದಾಗಿರುವಾಗ ಇಟ್ಟ ಮೊಟ್ಟೆಗೆ ಮಾತ್ರ ಬದುಕುವ ಭರವಸೆ, ತಡವಾಗಿ ಇಟ್ಟರೆ ಮರಿ ಉಪವಾಸ ಬೀಳುತ್ತದೆ, ಇಲ್ಲವೇ ಮೊದಲು ಹುಟ್ಟಿದ ಮರಿಗಳಿಗೆ ತುತ್ತಾಗುತ್ತದೆ. ಅದಕ್ಕೇ ಬೇರೆ ಮರಿಗಳು ಓಡಾಡಿದ ವಾಸನೆ ಎಲೆಯ ಮೇಲಿದ್ದರೆ ತಾಯಿ ಹುಳು ಅಲ್ಲಿ ಮೊಟ್ಟೆಯಿಡದೆ ಮುಂದೆ ಹೋಗುತ್ತದೆ. ಹೇನನ್ನು ನಿರ್ನಾಮ ಮಾಡುವುದು ಅದರ ಉದ್ದೇಶದಲ್ಲೇ ಇಲ್ಲ.

ಈ ತಿಳಿವಳಿಕೆ ಗುಲಗಂಜಿ ಹುಳುವನ್ನು ಹೊಗಳುವವರಿಗೂ ಬೇಕು. ಅಮೆರಿಕದಲ್ಲಿ ಈ ಹುಳುಗಳನ್ನು ಚೀಲದಲ್ಲಿ ತುಂಬಿ ಮಾರುವ ವ್ಯಾಪಾರ ಬಹು ಕಾಲದಿಂದ ನಡೆಯುತ್ತಿದೆ. ಚಳಿಗಾಲ ಕಳೆಯಲು ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳಲ್ಲಿ ಲಕ್ಷಗಟ್ಟಲೆ ಒಟ್ಟಾಗುವ ಹುಳುಗಳನ್ನು ಬಾಚಿ ತಂದು ತೋಟದವರಿಗೆ ಕೊಡುತ್ತಾರೆ. ತೋಟದಲ್ಲಿ ಬಿಟ್ಟ ಹುಳುಗಳಲ್ಲಿ ಬಹುಪಾಲು ಒಂದೆರಡು ದಿನದಲ್ಲಿ ಹಾರಿಹೋಗುತ್ತವೆ. ಬೆಟ್ಟದಲ್ಲಿ ಕೂತವು ಎಚ್ಚೆತ್ತರೆ ಮೊದಲು ಮಾಡುವ ಕೆಲಸವೇ ದೂರ ಹಾರುವುದು. ಕೊಂಡವರ ಹಣವೂ ಹೋಯಿತು, ಬೆಟ್ಟದ ಹುಳುವೂ ಹೋಯಿತು. ಹೇನಿಗಾಗಿ ಗುಲಗಂಜಿ ಹುಳುವನ್ನು ಡಬ್ಬಿಯಲ್ಲಿ ಕೊಳ್ಳುವ ವ್ಯಾಪಾರ ನಮ್ಮಲ್ಲಿ ಬೇರೂರಬಾರದು.

ಇಷ್ಟಾದರೂ ಈ ಕುಟುಂಬದ ಹುಳುವೊಂದೇ ಜೈವಿಕ ಕೀಟ ನಿಯಂತ್ರಣದ ಮೊದಲ ದೊಡ್ಡ ಗೆಲುವನ್ನು ತಂದುಕೊಟ್ಟಿತು. 1880ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳನ್ನು ಆಸ್ಟ್ರೇಲಿಯಾ ಮೂಲದ ಬಿಳಿ ಶಲ್ಕ ಕೀಟವೊಂದು ಮುತ್ತಿ, ಬೆಳೆಗಾರರು ಮರ ಕಡಿದು ಸುಡುವ ಸ್ಥಿತಿ ಬಂದಿತ್ತು. ಶಲ್ಕ ಕೀಟ ಬಂದ ನಾಡಿನಲ್ಲೇ ಅದರ ಶತ್ರುವೂ ಇರಬೇಕು ಎಂದು ಅಮೆರಿಕ ಸರಕಾರದ ಕೀಟತಜ್ಞ ಸಿ. ವಿ. ರೈಲಿ ಹೇಳಿದರು. ಅದನ್ನು ಹುಡುಕಲು 1888ರಲ್ಲಿ ಅವರ ಸಹಾಯಕ ಆಲ್ಬರ್ಟ್ ಕೋಬೆಲೆ ಆಸ್ಟ್ರೇಲಿಯಾಕ್ಕೆ ಹೋದರು. ವಿದೇಶ ಪ್ರಯಾಣದ ಖರ್ಚಿಗೆ ಕಾನೂನು ಅಡ್ಡ ಬಂದದ್ದರಿಂದ ಮೆಲ್ಬರ್ನ್ ವಸ್ತುಪ್ರದರ್ಶನಕ್ಕೆ ಹೊರಟ ನಿಯೋಗದ ಲೆಕ್ಕದಲ್ಲಿ ಅವರನ್ನು ಕಳಿಸಬೇಕಾಯಿತು. ಮೊದಲ ಕಂತುಗಳಲ್ಲಿ ಜೀವಂತವಾಗಿ ತಲುಪಿದ್ದು ವೆಡೇಲಿಯ ಎಂಬ ಕೆಂಪು-ಕಪ್ಪು ಗುಲಗಂಜಿ ಹುಳುವಿನ 129 ತಲೆಗಳು. ಲಾಸ್ ಏಂಜಲೀಸಿನ ತೋಟವೊಂದರಲ್ಲಿ ಕಿತ್ತಳೆ ಮರಕ್ಕೆ ಡೇರೆ ಹೊದಿಸಿ, ಒಳಗೆ ಬಿಟ್ಟು ಬೆಳೆಸಿದರು. 1889ರ ಮಧ್ಯದ ಹೊತ್ತಿಗೆ 10,000ಕ್ಕೂ ಹೆಚ್ಚು ಹುಳುಗಳು ಬೇರೆ ತೋಟಗಳಿಗೆ ಹಂಚಿಕೆಯಾಗಿದ್ದವು. ವರ್ಷ ತುಂಬುವುದರಲ್ಲಿ ತೋಟಗಳು ಚೇತರಿಸಿಕೊಂಡವು.

ಹೇನಿನ ಎದುರು ಹಿಂದೆ ಬೀಳುವ ಈ ಕುಟುಂಬ ಇಲ್ಲಿ ಗೆದ್ದಿದ್ದು ಕಾಲದ ಅದೇ ಲೆಕ್ಕದಿಂದ. ಬಿಳಿ ಶಲ್ಕ ಕೀಟ ಒಂದು ತಲೆಮಾರು ಮುಗಿಸಲು ತಿಂಗಳುಗಳನ್ನೇ ತೆಗೆದುಕೊಳ್ಳುತ್ತದೆ, ವೆಡೇಲಿಯಕ್ಕೆ ತಿಂಗಳೊಳಗಿನ ಸಮಯ ಸಾಕು. ಮರಕ್ಕೆ ಅಂಟಿ ಕೂತ ಶಲ್ಕ ಕೀಟ ಹಾರಿಹೋಗುವುದಿಲ್ಲ. ಹುಳುವಿನ ಮರಿ ಅದರ ಮೊಟ್ಟೆಯ ಚೀಲದೊಳಕ್ಕೇ ನುಗ್ಗಿ ತಿನ್ನುತ್ತದೆ. ನೀಲಗಿರಿಯ ವ್ಯಾಟಲ್ ಮರಗಳಿಗೆ ಇದೇ ಶಲ್ಕ ಕೀಟ ಹತ್ತಿದಾಗ 1930ರ ಸುಮಾರಿಗೆ ವೆಡೇಲಿಯವನ್ನು ಇಲ್ಲಿಗೂ ತರಿಸಿ ಬಿಟ್ಟರು, ಇಲ್ಲೂ ಅದು ಕೆಲಸ ಮಾಡಿತು.

ಈ ಕಥೆ ಹೇಳುವವರು ಇಲ್ಲಿಗೇ ನಿಲ್ಲಿಸುತ್ತಾರೆ. ಮುಂದಿನ ಭಾಗ ಇನ್ನೂ ಮುಖ್ಯ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ತಣ್ಣಗಿದ್ದ ಆ ಶಲ್ಕ ಕೀಟ 1940ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮತ್ತೆ ತಲೆಯೆತ್ತಿತು. ಬೇರೆ ಕೀಟಗಳಿಗೆಂದು ಕಿತ್ತಳೆ ತೋಟಗಳಿಗೆ ಡಿಡಿಟಿ ಹೊಡೆದಿದ್ದರು. ಶಲ್ಕ ಕೀಟ ಉಳಿಯಿತು, ವೆಡೇಲಿಯ ಸತ್ತಿತು. ಸಿಂಪಡಣೆ ನಿಲ್ಲಿಸಿ ಹುಳುವನ್ನು ಮರಳಿ ತಂದಲ್ಲಿ ತೋಟ ಮತ್ತೆ ಸರಿಹೋಯಿತು. ಇದಕ್ಕಿಂತ ಸ್ಪಷ್ಟವಾದ ಪ್ರಯೋಗವನ್ನು ಯಾರೂ ಬೇಕೆಂದು ಮಾಡಲಾರರು. ಬೆಳೆಯನ್ನು ಕಾಯುತ್ತಿದ್ದದ್ದು ಯಾರೆಂದು ಎಪ್ಪತ್ತು ವರ್ಷ ಹಿಂದೆಯೇ ಗೊತ್ತಾಗಿದೆ. ನಾವು ಮಾತ್ರ ಅದನ್ನು ಪ್ರತಿ ಬೆಳೆಯಲ್ಲೂ ಹೊಸದಾಗಿ ಮರೆಯುತ್ತಿದ್ದೇವೆ.

ನಮ್ಮ ರಾಜ್ಯದ ಅನುಭವಕ್ಕೆ ಇನ್ನೊಂದು ಗುಲಗಂಜಿ ಹುಳು ಸಾಕ್ಷಿ: ಕ್ರಿಪ್ಟೊಲೀಮಸ್. 1898ರಲ್ಲಿ ಕಾಫಿಯ ಹಸಿರು ಶಲ್ಕ ಕೀಟಕ್ಕೆಂದು ಆಸ್ಟ್ರೇಲಿಯಾದಿಂದ ದಕ್ಷಿಣ ಭಾರತಕ್ಕೆ ತಂದದ್ದು ಇದನ್ನು. ಆ ಕೆಲಸದಲ್ಲಿ ಅದು ಸೋತಿತು. ಆದರೆ ಇಲ್ಲೇ ನೆಲೆ ನಿಂತು ತನಗೆ ಒಗ್ಗುವ ಹಿಟ್ಟುತಿಗಣೆಯನ್ನು ಹುಡುಕಿಕೊಂಡಿತು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ದ್ರಾಕ್ಷಿ, ಸೀಬೆ, ನಿಂಬೆ ಜಾತಿಯ ತೋಟಗಳಲ್ಲಿ ಅದನ್ನು ಬಿಟ್ಟು ಫಲ ಕಂಡರು. ಪ್ರಯೋಗಾಲಯದಲ್ಲಿ ಸಿಹಿಗುಂಬಳದ ಮೇಲೆ ಹಿಟ್ಟುತಿಗಣೆ ಬೆಳೆಸಿ, ಅದರ ಮೇಲೆ ಈ ಹುಳುವನ್ನು ಬೆಳೆಸುತ್ತಾರೆ. ಇದನ್ನು ಕೊಂಡು ತಂದು ಬಿಡುವುದರಲ್ಲಿ ಅರ್ಥವಿದೆ, ಏಕೆಂದರೆ ಇದರ ಬೇಟೆ ಕೂತಲ್ಲೇ ಕೂತಿರುವಂಥದು.

ಆದರೂ ಬಿಟ್ಟರೆ ಸಾಲದು. ಹಿಟ್ಟುತಿಗಣೆ ಸುರಿಸುವ ಸಿಹಿ ಅಂಟಿಗೆ ಬಂದ ಇರುವೆಗಳು ಅದರ ಕಾವಲಿಗೆ ನಿಂತು, ಹತ್ತಿರ ಬಂದ ಗುಲಗಂಜಿ ಹುಳುವನ್ನು ಕಚ್ಚಿ ಓಡಿಸುತ್ತವೆ. ಕಾಫಿ ಬೆಳೆಗಾರರಿಗೆ ಇದು ಚೆನ್ನಾಗಿ ಗೊತ್ತು. ಇರುವೆಯನ್ನು ಹಿಡಿತದಲ್ಲಿಡದ ತೋಟದಲ್ಲಿ ಹಿಟ್ಟುತಿಗಣೆ ಹಿಡಿತಕ್ಕೆ ಬರುವುದಿಲ್ಲ. ಇನ್ನೊಂದು ತೊಡಕು ನಮ್ಮ ಕಣ್ಣಿನದು. ಕ್ರಿಪ್ಟೊಲೀಮಸ್ ಮರಿಯ ಮೈಮೇಲೆ ಉದ್ದುದ್ದ ಬಿಳಿ ಮೇಣದ ಎಳೆಗಳಿರುತ್ತವೆ, ದೂರದಿಂದ ದೊಡ್ಡ ಹಿಟ್ಟುತಿಗಣೆಯಂತೆಯೇ ಕಾಣುತ್ತದೆ. ಕೊಂಡು ತಂದು ಬಿಟ್ಟ ಹುಳು ಮರಿ ಮಾಡಿದಾಗ, "ತಿಗಣೆ ಇನ್ನೂ ದಪ್ಪ ಆಗೈತೆ" ಎಂದು ಅದರ ಮೇಲೇ ಔಷಧಿ ಹೊಡೆಯುವುದುಂಟು. ಗೊಂಚಲನ್ನು ಕಡ್ಡಿಯಿಂದ ಸ್ವಲ್ಪ ಕೆದಕಿದರೆ ಸಾಕು: ಚುರುಕಾಗಿ ಓಡುವುದು ಮಿತ್ರನ ಮರಿ, ಅಲ್ಲೇ ಕೂರುವುದು ತಿಗಣೆ.

ಗುಲಗಂಜಿ ಹುಳು ಎಲ್ಲಕ್ಕೂ ಮದ್ದು ಎಂದು ನಾನು ಹೇಳುತ್ತಿಲ್ಲ. 2002ರಲ್ಲಿ ಬೆಳಗಾವಿ, ಬಾಗಲಕೋಟೆ ಕಡೆಯ ಕಬ್ಬಿಗೆ ಬಿಳಿ ಉಣ್ಣೆ ಹೇನು ಮುತ್ತಿದಾಗ ಮುಖ್ಯವಾಗಿ ಕೈಹಿಡಿದದ್ದು ಬೇರೆ ಪರಭಕ್ಷಕಗಳು: ಡೈಫಾ ಎಂಬ ಪತಂಗದ ಮರಿಹುಳು ಮತ್ತು ಮೈಕ್ರೋಮಸ್ ಎಂಬ ಜಾಲರೆಕ್ಕೆಯ ಕೀಟ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು ನಮ್ಮ ಹಿಪ್ಪುನೇರಳೆಗೂ ಹಬ್ಬಿದ ಪರಂಗಿ ಹಿಟ್ಟುತಿಗಣೆಯನ್ನು ಅಡಗಿಸಿದ್ದು 2010ರಲ್ಲಿ ಪೋರ್ಟೊರಿಕೊದಿಂದ ಬೆಂಗಳೂರಿನ ಹೆಬ್ಬಾಳಕ್ಕೆ ತರಿಸಿ ಬೆಳೆಸಿದ ಸಣ್ಣ ಕಣಜ. ಹೊರಗಿನ ಗುಲಗಂಜಿ ಹುಳು ತಂದರೆ ಒಳ್ಳೆಯದೇ ಆಗುತ್ತದೆಂಬ ಖಾತರಿಯೂ ಇಲ್ಲ. ಏಷ್ಯಾದಿಂದ ಹೇನಿನ ಮೇಲೆಂದು ಒಯ್ದ ಹಾರ್ಲಿಕ್ವಿನ್ ಹುಳು ಅಮೆರಿಕ, ಯೂರೋಪುಗಳಲ್ಲಿ ಹಬ್ಬಿ ಅಲ್ಲಿನ ದೇಸಿ ಗುಲಗಂಜಿ ಹುಳುಗಳನ್ನೇ ತಿಂದು ಹಾಕಿತು. ಬ್ರಿಟನ್ನಿಗೆ ಅದು 2004ರಲ್ಲಿ ಬಂತು. ಆಮೇಲೆ ಅಲ್ಲಿನ ಎರಡು ಚುಕ್ಕೆಯ ಹುಳು ತೀವ್ರವಾಗಿ ಕಡಿಮೆಯಾಯಿತು. ಹೊಸದನ್ನು ತರುವುದಕ್ಕಿಂತ ಇರುವುದನ್ನು ಉಳಿಸುವುದು ಸುರಕ್ಷಿತ, ಅಗ್ಗ.

ಉಳಿಸುವ ದಾರಿ ನಮ್ಮ ಹಳೆಯ ಬೇಸಾಯಕ್ಕೆ ಹೊಸದಲ್ಲ. ಹಳೇ ಮೈಸೂರಿನ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಇಡುತ್ತಿದ್ದರು: ಅವರೆ, ಅಲಸಂದೆ, ಜೋಳ, ಹುಚ್ಚೆಳ್ಳು, ಸಾಸಿವೆ. ಮನೆಗೆ ಬೇಳೆ, ಎಣ್ಣೆ, ದನಕ್ಕೆ ಮೇವು ಸಿಗಲಿ ಎಂದು ಇಟ್ಟದ್ದು. ಗುಲಗಂಜಿ ಹುಳುವಿಗೂ ಅದು ಹೇಳಿ ಮಾಡಿಸಿದ ತಾಣ. ಅಲಸಂದೆಯ ಮೇಲಿನ ಹೇನು ಮುಖ್ಯ ಬೆಳೆಯಾದ ರಾಗಿಗೆ ತೊಂದರೆ ಕೊಡುವುದಿಲ್ಲ, ಹುಳುವನ್ನು ಮಾತ್ರ ಸಾಕುತ್ತದೆ. ಹುಚ್ಚೆಳ್ಳು, ಸಾಸಿವೆಯ ಹೂವು ಹೇನಿಲ್ಲದ ದಿನಗಳಿಗೆ ಪರಾಗ ಕೊಡುತ್ತದೆ. ಹತ್ತಿ, ಶೇಂಗಾ ಹೊಲದ ಸುತ್ತ ಅಲಸಂದೆ, ಮೆಕ್ಕೆಜೋಳ ಹಾಕಿ ಎಂದು ಇವತ್ತು ಕೃಷಿ ವಿಜ್ಞಾನಿಗಳು ಕೊಡುವ ಸಲಹೆಯೂ ಇದೇ. ಎಕರೆಗಟ್ಟಲೆ ಒಂದೇ ಬೆಳೆ, ಬದುವಿಗೂ ಕಳೆನಾಶಕ ಎನ್ನುವ ಹೊಲದಲ್ಲಿ ಹುಳು ಇರುವುದಾದರೂ ಎಲ್ಲಿ?

ಎದುರು ವಾದಗಳಲ್ಲಿ ಎರಡು ಗಟ್ಟಿ ಇವೆ. ಮೊದಲನೆಯದು ನಂಜು ರೋಗ. ಪರಂಗಿಯ ಉಂಗುರ ಚುಕ್ಕೆ ರೋಗ ಹರಡಲು ರೆಕ್ಕೆಯ ಹೇನು ಕೆಲವು ಕ್ಷಣ ಎಲೆಯ ರುಚಿ ನೋಡಿದರೂ ಸಾಕು. ಅಲ್ಲಿ "ಒಂದಿಷ್ಟು ಹೇನಿರಲಿ" ಎನ್ನಲಾಗದು. ನಿಜ, ಅಲ್ಲಿ ಗುಲಗಂಜಿ ಹುಳು ನೆರವಾಗುವುದಿಲ್ಲ. ಆದರೆ ಕೀಟನಾಶಕವೂ ಅಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ವಿಷ ತಾಗಿ ಹೇನು ಸಾಯುವುದರೊಳಗೆ ನಂಜು ಗಿಡ ಸೇರಿರುತ್ತದೆ. ಎರಡನೆಯದು ಇನ್ನೂ ಕಷ್ಟದ್ದು: ಕಾಯುವ ಅಪಾಯ ಯಾರದು? ಸಾಲ ಮಾಡಿ ಬಿತ್ತಿದವನಿಗೆ "ನಾಲ್ಕು ದಿನ ನೋಡಿ" ಎಂದು ಹೇಳುವುದು ಸುಲಭ, ಬೆಳೆ ಹೋದರೆ ಹೇಳಿದವರು ಏನನ್ನೂ ಕಳೆದುಕೊಳ್ಳುವುದಿಲ್ಲ. ಅವನ ಹೆದರಿಕೆ ಅಜ್ಞಾನವಲ್ಲ. ಆ ಹೆದರಿಕೆಗೆ ಉತ್ತರ ಉಪದೇಶದಲ್ಲಿಲ್ಲ, ಲೆಕ್ಕದಲ್ಲಿದೆ. ಹೈದರಾಬಾದಿನ ರಾಷ್ಟ್ರೀಯ ಸಸ್ಯ ಆರೋಗ್ಯ ನಿರ್ವಹಣಾ ಸಂಸ್ಥೆ ಹೇಳಿಕೊಡುವ ಕ್ರಮದಲ್ಲಿ ಗಿಡದ ಮೇಲಿನ ಪೀಡೆಯ ಜೊತೆಗೆ ಮಿತ್ರ ಕೀಟವನ್ನೂ ಎಣಿಸುತ್ತಾರೆ; ಎರಡು ಪೀಡೆಗೆ ಒಂದು ಮಿತ್ರ ಎಂಬುದು ಸ್ಥೂಲ ಅಳತೆ. ಆ ಅಳತೆಗಿಂತ ಮಿತ್ರರು ಕಡಿಮೆಯಾದಾಗಲಷ್ಟೇ ಔಷಧಿಯ ಯೋಚನೆ. ಹೊಲಕ್ಕೆ ಬಂದು ಎಣಿಸಿ, "ಇವತ್ತು ಬೇಡ" ಎಂದು ಜವಾಬ್ದಾರಿಯಿಂದ ಹೇಳುವ ಒಬ್ಬರು ಪ್ರತಿ ಹೋಬಳಿಯಲ್ಲಿ ಇರಬೇಕು. ಈಗ ಆ ಜಾಗದಲ್ಲಿ ಇರುವವರು ಬಾಟಲಿ ಮಾರುವ ಅಂಗಡಿಯವರು.

ಆ ಬಾಟಲಿಯ ಮೇಲೊಂದು ಬಣ್ಣದ ತ್ರಿಕೋನ ಇರುತ್ತದೆ. ಕೆಂಪು, ಹಳದಿ, ನೀಲಿ, ಹಸಿರು. ಪ್ರಯೋಗದ ಪ್ರಾಣಿಗಳಿಗೆ ಎಷ್ಟು ಪ್ರಮಾಣದಲ್ಲಿ ಮಾರಕ ಎಂಬುದನ್ನು ನೋಡಿ ಕೊಟ್ಟ ಬಣ್ಣ ಅದು, ಅಂದರೆ ಮನುಷ್ಯನಿಗೆ ಎಷ್ಟು ಅಪಾಯ ಎಂಬ ಸೂಚನೆ. ಹಸಿರು ತ್ರಿಕೋನ ಕಂಡ ರೈತ ಇದು ಸೌಮ್ಯವಾದದ್ದು ಎಂದುಕೊಳ್ಳುತ್ತಾನೆ. ಗುಲಗಂಜಿ ಹುಳುವಿನ ಪಾಲಿಗೆ ಆ ಬಣ್ಣ ಏನನ್ನೂ ಹೇಳುವುದಿಲ್ಲ. ಮನುಷ್ಯರಿಗೆ ಅಪಾಯ ಕಡಿಮೆ ಎಂದು ಬಂದ ಕೀಟ ಬೆಳವಣಿಗೆ ತಡೆಯುವ ರಾಸಾಯನಿಕಗಳು ದಕ್ಷಿಣ ಆಫ್ರಿಕಾದ ಮತ್ತು ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳಲ್ಲಿ ಗುಲಗಂಜಿ ಹುಳುವಿನ ಮೊಟ್ಟೆ ಒಡೆಯದಂತೆ, ಮರಿ ಕೋಶ ದಾಟದಂತೆ ಮಾಡಿ, 1990ರ ದಶಕದಲ್ಲಿ ಶಲ್ಕ ಕೀಟವನ್ನು ಮತ್ತೆ ಎಬ್ಬಿಸಿದವು. ಬಾಟಲಿಯ ಮೇಲೆ ಎರಡನೆಯ ಗುರುತೊಂದು ಬೇಕು: ಇದು ಮಿತ್ರ ಕೀಟಗಳನ್ನು ಕೊಲ್ಲುತ್ತದೆಯೇ, ಹೊಡೆದ ಮೇಲೆ ಎಷ್ಟು ದಿನ ಅವು ಹೊಲಕ್ಕೆ ಮರಳಲಾರವು ಎಂದು, ಕನ್ನಡದಲ್ಲಿ, ಅಂಗಡಿಯ ಮಂದ ಬೆಳಕಿನಲ್ಲೂ ಓದಲು ಬರುವಷ್ಟು ದೊಡ್ಡ ಅಕ್ಷರದಲ್ಲಿ. ಅದನ್ನು ಅಚ್ಚು ಮಾಡುವ ಖರ್ಚು ತಯಾರಕರಿಗೆ ಭಾರವಲ್ಲ. ಹಾಕಲೇಬೇಕೆಂದು ನಿಯಮ ಮಾಡುವ ಅಧಿಕಾರ ಕೇಂದ್ರ ಸರಕಾರದ ಕೈಯಲ್ಲಿದೆ, ಕೇಳುವ ಹಕ್ಕು ಹಣ ಕೊಟ್ಟು ಕೊಳ್ಳುವ ರೈತನಿಗಿದೆ.